ಜ್ವರಕ್ಕೆ ಕೂತ ಸೊಸೆ

ಕಳೆದ ವರ್ಷದ ಬೇಸಿಗೆ. ಮದುವೆಯಾಗಿ ನಾನು ಗೌರಿಬಿದನೂರಿನಿಂದ ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ನನ್ನ ಅಪ್ಪ ಶಾಲೆಯಲ್ಲಿ ಗುಮಾಸ್ತರು. ಗಂಡನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಡುಮನೆಯ ಗೋಡೆಯ ಆಚೆಗೇ ಹುಳು ಮನೆ. ಹುಳುಗಳು ಸೊಪ್ಪು ತಿನ್ನುವ ಸದ್ದು ಇಡೀ ದಿನ ಜಿನುಗು ಮಳೆಯಂತೆ ಕೇಳುತ್ತಿತ್ತು. ಹೊರಗೆ ನೋಡಿದರೆ ಸುಡುವ ಬಿಸಿಲು. ಆ ಮನೆಯಲ್ಲಿ ನಾನು ಅರ್ಧ ಎಚ್ಚರ, ಅರ್ಧ ಕನಸಿನಲ್ಲಿ ಓಡಾಡಿಕೊಂಡಿದ್ದೆ.

ಆಗ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಕಳೆದುಹೋದ ಮಗಳನ್ನು ಹುಡುಕಿಕೊಂಡು ಊರೂರು ಅಲೆಯುವ ತಾಯಿಯ ಕಥೆ. ಪ್ರಶಸ್ತಿಗಳೂ ಬಂದಿದ್ದವಂತೆ. ಚಿಂತಾಮಣಿಯ ಬಸ್ಸು ಹತ್ತಿದರೂ ಅದರದೇ ಮಾತು. ನನ್ನ ಅತ್ತೆಗಂತೂ ಅದೆಂದರೆ ಪ್ರಾಣ. ಮೊದಲ ದಿನ ಪಕ್ಕದಲ್ಲಿ ಕೂರಿಸಿಕೊಂಡು, “ನೋಡಮ್ಮ, ಇಂಥದ್ದು ಇನ್ನೊಂದು ಬರಲ್ಲ” ಎಂದಿದ್ದರು.

ನೋಡಿದೆ. ಇಷ್ಟೇನಾ ಅನ್ನಿಸಿತು. ಆ ತಾಯಿ ಒಂದು ಲೋಟ ನೀರು ಕುಡಿಯುವುದಕ್ಕೆ ಅರ್ಧ ಸಂಚಿಕೆ ಬೇಕಾಗುತ್ತಿತ್ತು. ಕಿಟಕಿಯ ಬಳಿ ನಿಂತಳೆಂದರೆ ಮುಗಿಯಿತು, ಜಾಹೀರಾತು ಬರುವವರೆಗೂ ಅಲ್ಲೇ. ಎಲ್ಲರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಾಗ ನಾನು ಆಕಳಿಕೆ ನುಂಗಿಕೊಳ್ಳುತ್ತಿದ್ದೆ. ಆದರೆ ಹೊಸ ಸೊಸೆ. ಮನೆಮಂದಿಯೆಲ್ಲ ಮೆಚ್ಚಿದ್ದನ್ನು ಚೆನ್ನಾಗಿಲ್ಲ ಎಂದರೆ ನನ್ನನ್ನೇ ಹೊರಗಿನವಳು ಅಂದುಕೊಂಡಾರೆಂಬ ಭಯ. “ಹೆಂಗೈತಮ್ಮ?” ಎಂದು ಅತ್ತೆ ಕೇಳಿದಾಗಲೆಲ್ಲ, “ತುಂಬಾ ಚೆನ್ನಾಗಿದೆ ಅತ್ತೆ” ಎನ್ನುತ್ತಿದ್ದೆ.

ಕೊನೆಯ ಸಂಚಿಕೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. “ಇವತ್ತು ಹುಳುಗಳು ಮಲಗ್ತವೆ, ಸೊಪ್ಪು ಹಾಕೋ ಹಂಗಿಲ್ಲ. ನಮಗೂ ರಜಾ” ಎಂದರು ನನ್ನ ಯಜಮಾನರು. ಗೋಡೆಯಾಚೆಯ ಮಳೆ ನಿಂತುಬಿಟ್ಟಿತ್ತು. ಮಾವ, ಪಕ್ಕದ ಮನೆಯ ಪದ್ದಕ್ಕ, ಎಲ್ಲರೂ ಟಿವಿ ಮುಂದೆ ಸೇರಿದರು. ತಾಯಿಗೆ ಇಂದು ಮಗಳು ಸಿಗುತ್ತಾಳೆ, ತಾಯಿ ಏನು ಹೇಳುತ್ತಾಳೆ ಎಂದು ಅತ್ತೆ ಬೆಳಗಿನಿಂದ ಚಡಪಡಿಸುತ್ತಿದ್ದರು. ನಾನು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಟಿವಿಯಲ್ಲಿ ತಾಯಿ ಒಂದು ಬಾಗಿಲ ಮುಂದೆ ನಿಂತಿದ್ದಳು. ನಿಂತೇ ಇದ್ದಳು.

ಆಮೇಲೆ ನಾನು ಎಲ್ಲೋ ಇದ್ದೆ. ಸುತ್ತ ಹಸಿರು ಎಲೆಗಳು, ಮೇಲೆ ಬಿಳಿ ಬೆಳಕು. ಯಾರೋ ಹಣೆಯ ಕೂದಲು ಸರಿಸಿದರು. ಬಹಳ ದೂರದಿಂದ ಮಾವನ ದನಿ, “ಪಡುಕೋನೀ, ಪಾಪಂ.” ಮಲಗಲಿ ಬಿಡು ಎಂದು ತೆಲುಗಿನಲ್ಲಿ ಹೇಳುತ್ತಿದ್ದರು. ಅತ್ತೆಯ ದನಿ ಮಾತ್ರ ಹತ್ತಿರದಲ್ಲೇ ಕೇಳಿಸಿತು: “ಸದ್ದು ಮಾಡ್ಬೇಡ್ರಿ. ಜ್ವರಕ್ಕೆ ಕೂತೈತೆ.”

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ತಲೆ ದಿಂಬಿನ ಮೇಲಿತ್ತು, ಮೈಮೇಲೆ ಅತ್ತೆಯ ಹಳೆ ಸೀರೆ. ಗಡಬಡಿಸಿ ಎದ್ದು ಕೂತೆ. ಅಂಥ ಸಂಚಿಕೆಯ ನಡುವೆ ನಿದ್ದೆ! ಪಾಪ, ಪದ್ದಕ್ಕನೆದುರು ನನ್ನ ಮಾನ ಉಳಿಸಲು ಅತ್ತೆ ಜ್ವರದ ನೆಪ ಹೇಳಿದ್ದಾರೆ ಅಂದುಕೊಂಡೆ. ಅವರ ಮಾತು ಉಳಿಸಬೇಕಲ್ಲ! ತಲೆಗೆ ಟವೆಲ್ ಸುತ್ತಿಕೊಂಡು, ಕೆಮ್ಮುತ್ತಾ ಅಡುಗೆಮನೆಗೆ ಹೋದೆ.

“ಈಗ ಜ್ವರ ಕಡಿಮೆಯಾಗಿದೆ ಅತ್ತೆ. ರಾತ್ರಿಗೆ ಗಂಜಿ ಸಾಕು.”

“ಯಾವ ಜ್ವರಾನಮ್ಮ?”

“ನೀವೇ ಹೇಳಿದ್ರಲ್ಲ, ಜ್ವರ ಅಂತ...”

ಅತ್ತೆ ಸೌಟು ಕೆಳಗಿಟ್ಟರು. ನಗಲಾರಂಭಿಸಿದರು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಕೈ ಹಿಡಿದು ಹುಳು ಮನೆಗೆ ಕರೆದುಕೊಂಡು ಹೋದರು. ಹುಳುಗಳೆಲ್ಲ ತಲೆ ಮೇಲೆತ್ತಿ, ಒಂದಿಷ್ಟೂ ಅಲ್ಲಾಡದೆ, ಏನನ್ನೋ ಧ್ಯಾನಿಸುವಂತೆ ಕೂತಿದ್ದವು.

“ಇದಕ್ಕೇ ಕಣಮ್ಮ ಜ್ವರ ಅನ್ನೋದು. ಹಳೇ ಚರ್ಮ ಬಿಟ್ಟು ಹೊಸ ಚರ್ಮ ಹಾಕ್ಕೊಳ್ಳೋಕೆ ಮಲಗ್ತವೆ. ಆವಾಗ ಮುಟ್ಟಬಾರ್ದು, ಎಬ್ಬಿಸಬಾರ್ದು. ನೀನೂ ಹಂಗೇ ಮಲಗಿದ್ದೆ, ನನ್ನ ತೊಡೆ ಮೇಲೆ.”

ಅಲ್ಲಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಅತ್ತೆ, ನಂಗೆ ಆ ಧಾರಾವಾಹಿ ಮೊದಲಿಂದಲೂ ಇಷ್ಟ ಆಗ್ಲಿಲ್ಲ” ಎಂದುಬಿಟ್ಟೆ.

“ಗೊತ್ತು ಬಿಡು. ದಿನಾ ಆಕಳಿಸೋದು ಕಾಣ್ತಿರ್ಲಿಲ್ವಾ? ನಿಂಗೆ ಬುದ್ಧಿ ಬರೋಕೆ ಇನ್ನೂ ಟೈಮ್ ಐತೆ” ಎಂದು ತಲೆಗೊಂದು ಮೊಟಕಿದರು. “ಬಾ, ಮುದ್ದೆ ಮಾಡಿದ್ದೀನಿ. ಜ್ವರದಿಂದ ಎದ್ದ ಹುಳಕ್ಕೆ ಹಸಿವು ಜಾಸ್ತಿ.”

ಊಟಕ್ಕೆ ಕೂತಾಗ ಮಾವ ಮೆಲ್ಲಗೆ ಒಂದು ವಿಷಯ ಹೇಳಿದರು. ನನಗೆ ಎಚ್ಚರವಾಗದಿರಲೆಂದು ಅತ್ತೆ ಟಿವಿಯ ಸದ್ದನ್ನು ಪೂರ್ತಿ ನಿಲ್ಲಿಸಿದ್ದರಂತೆ. ಮಗಳು ಸಿಕ್ಕಿದ್ದನ್ನು ಎಲ್ಲರೂ ಮೂಕವಾಗಿಯೇ ನೋಡಿ, ಮೂಕವಾಗಿಯೇ ಅತ್ತರಂತೆ. ಆ ಧಾರಾವಾಹಿಗೆ ಇಷ್ಟು ದಿನ ತರಿಸಲಾಗದ ನನ್ನ ಕಣ್ಣೀರು ತಟ್ಟೆಯ ಮುಂದೆ ಬಂತು.

ಆ ಸಂಚಿಕೆಯನ್ನು ಮತ್ತೊಮ್ಮೆ ಫೋನಿನಲ್ಲಿ ಹಾಕಿಕೊಡುತ್ತೇನೆ ಎಂದರೆ ಅತ್ತೆ ಈಗಲೂ ಬೇಡ ಎನ್ನುತ್ತಾರೆ. “ಒಂದ್ಸಲ ಅತ್ತಿದ್ದಾಯ್ತಲ್ಲ.” ಹುಳುಗಳು ಜ್ವರಕ್ಕೆ ಕೂತು ಮನೆ ನಿಶ್ಶಬ್ದವಾದಾಗಲೆಲ್ಲ ನಾನು ಅವರ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ಆ ತಾಯಿ ಕೊನೆಗೆ ಮಗಳಿಗೆ ಏನು ಹೇಳಿದಳೋ, ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.