ಚಾರ್ಜಿಗೆ ಹಾಕಿದ ಕುಬಸ

ಆ ಗುರುವಾರ ಹಾಲು ಕಾಯಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಬಚ್ಚಲು ತಿಕ್ಕಿದೆ. ತಂತಿಯ ಮೇಲೆ ಒಣಗಿದ ಅತ್ತೆಯ ಕುಬಸ ತಂದು, ಅದರ ಗುಂಡಿಯನ್ನು ಚಾರ್ಜಿಗೆ ಹಾಕಿದೆ. ಇಡೀ ಚಿದ್ರಿಯಲ್ಲಿ ರವಿಕೆ ಚಾರ್ಜು ಮಾಡುವ ಮನೆ ನಮ್ಮದೊಂದೇ ಇರಬೇಕು.

ಅದನ್ನು ತರಿಸಿಕೊಟ್ಟವಳು ಭಾಲ್ಕಿಯಲ್ಲಿರುವ ನಾದಿನಿ. ಒಮ್ಮೆ ಬೀದರ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಗೆ ತಲೆ ತಿರುಗಿತ್ತು. ಅಂದಿನಿಂದ ಅವರು ಔರಾದಿನ ತಂಗಿಯ ಮನೆಗೆ ಒಬ್ಬರೇ ಹೋಗುವಂತಿಲ್ಲ ಎಂದು ಮಗಳ ಹಟ. ಜೊತೆಗೆ ಯಾರಾದರೂ ಬಂದರೆ ಕಿಟಕಿ ಸೀಟು ಹೋಗುತ್ತದೆಂದು ತಾಯಿಯ ಹಟ. ಕೊನೆಗೆ ಒಪ್ಪಂದವಾಯಿತು. ಬಟ್ಟೆಯೊಳಗೇ ಸಣ್ಣ ತಂತಿ ನೇಯ್ದ ಆ ಕುಬಸ ಎದೆಬಡಿತ ಎಣಿಸಿ, ಇಂಟರ್ನೆಟ್ಟಿನ ಮೇಲೆ ಮಗಳ ಮೊಬೈಲಿಗೆ ಕಳಿಸುತ್ತದೆ; ಬಡಿತ ಮಿತಿ ಮೀರಿದರೆ ಮೊಬೈಲು ಕೂಗುತ್ತದೆ. ಒಂದು ದಿನ ಮನೆಯಲ್ಲಿ ತೊಟ್ಟು ನೋಡುವುದು. ಮೊಬೈಲು ಕೂಗದಿದ್ದರೆ ಸೋಮವಾರ ಔರಾದು, ಒಬ್ಬರೇ. ಕೂಗಿದರೆ ಇಲ್ಲ.

ಅತ್ತೆ ಸ್ನಾನವಾದದ್ದೇ ಕುಬಸ ತೊಟ್ಟು ಕುರ್ಚಿಯಲ್ಲಿ ಗೊಂಬೆಯಂತೆ ಕೂತರು. ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಬೈಯಲು ಬಾಯಿ ಬಿಡಲಿಲ್ಲ.

"ನೀನೇ ಬೈಯವ್ವ. ಇದು ನಂದು ಎಣಸ್ಲಿಕತ್ತದ."

ಊಟದ ಹೊತ್ತಿಗಿಂತ ಮುಂಚೆ ಬಾಗಿಲಲ್ಲಿ ಆಟೊ ನಿಂತಿತು. ಇಳಿದವರು ಔರಾದಿನ ಅದೇ ತಂಗಿ, ನನಗೆ ಸಣ್ಣತ್ತೆ. ಒಂದು ಕೈಯಲ್ಲಿ ತುಂಬಿದ ಬುಟ್ಟಿ, ಇನ್ನೊಂದರಲ್ಲಿ ಹಸಿರು ಸೀರೆ, ಹಸಿರು ಬಳೆ. ಹೊಸ್ತಿಲಲ್ಲೇ ನಿಂತು ನನ್ನ ಹೊಟ್ಟೆಯನ್ನು ದಿಟ್ಟಿಸಿದರು. ನನ್ನ ಹೊಟ್ಟೆಯೂ ಯಾರ ಅನುಮಾನವನ್ನೂ ಸುಳ್ಳು ಮಾಡುವಂಥದ್ದಲ್ಲ.

"ನಾಚ್ಕೊಬ್ಯಾಡ ಬಿಡವ್ವ, ದೇವರು ಕೊಟ್ಟಾಗ ಕೊಡ್ತಾನ. ಏಳ್ರಾಗ ಅದೀಯೇನು?"

"ಏನ್ರಿ ಏಳ್ರಾಗ?"

"ತಿಂಗಳವ್ವ! ಕುಬಸ ಮತ್ಯಾವಾಗ ಮಾಡ್ತಾರ?"

ನಮ್ಮ ಕಡೆ ಕುಬಸ ಎಂದರೆ ರವಿಕೆಯೂ ಹೌದು, ಬಸುರಿಗೆ ಹಸಿರು ಉಡಿಸಿ ಉಣ್ಣಿಸುವ ಕಾರ್ಯವೂ ಹೌದು.

ಅತ್ತೆ ಕುರ್ಚಿಯಿಂದಲೇ ಕೇಳಿದರು, "ಯಾರು ಹೇಳಿದ್ರು ನಿನಗ, ಹುಚ್ಚಿ?"

"ನೀನೇ! ಹೋದ ವಾರ ಫೋನಿನ್ಯಾಗ, ಸೊಸಿಗೆ ಮುಟ್ಟು ನಿಂತದ ಅಂದಿ. ನಿನ್ನಿ ಮತ್ತ ಫೋನ್ ಮಾಡಿ, ನಾಳಿ ಮನ್ಯಾಗ ಕುಬಸ ಅದ, ಸುಸೂತ್ರ ಮುಗದ್ರ ಔರಾದಕ್ಕ ಬರ್ತೀನಿ ಅಂದಿ. ನಾ ಎರಡೂ ಕೂಡ್ಸಿದೆ."

ನನಗೆ ಐವತ್ತೆರಡು. ಮುಟ್ಟು ನಿಂತದ್ದು ವಯಸ್ಸಿಗೆ.

ಅತ್ತೆ ಮೊದಲು ಸೆರಗನ್ನು ಬಾಯಿಗೆ ತುರುಕಿಕೊಂಡರು. ಆಮೇಲೆ ಅದೂ ಹೊರಬಂತು. ಕುರ್ಚಿ ಕಿರುಗುಟ್ಟುವಂತೆ ನಕ್ಕರು. ಅಷ್ಟರಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ನಾದಿನಿ.

"ವೈನಿ, ಅವ್ವಗ ಏನಾಗ್ಯದ? ನನ್ನ ಮೊಬೈಲು ಒಂದೇ ಸವನ ಒದರ್ಲಿಕತ್ತದ! ಅವ್ವ ಓಡ್ಲಿಕತ್ತಾಳ ಅಂತ ತೋರಸ್ತದ!"

ಅತ್ತೆಯ ನಗು ಅಲ್ಲೇ ನಿಂತಿತು. ಕಣ್ಣೆದುರೇ ಬಸ್ಸು ಹೊರಟುಹೋದವರ ಮುಖ. ನಾನು ವಿಡಿಯೊ ಹಚ್ಚಿ ಮೊಬೈಲನ್ನು ಬುಟ್ಟಿಯ ಕಡೆ, ಹಸಿರು ಸೀರೆಯ ಕಡೆ, ಕೊನೆಗೆ ನನ್ನ ಹೊಟ್ಟೆಯ ಕಡೆ ತಿರುಗಿಸಿ ನಡೆದದ್ದನ್ನು ಹೇಳಿದೆ. ಭಾಲ್ಕಿಯಲ್ಲಿ ಮೊಬೈಲು ಕೈಜಾರಿ ಬಿತ್ತು. ನಮಗೆ ಅವರ ಮನೆಯ ಫ್ಯಾನು ಕಂಡಿತು, ನಾದಿನಿಯ ನಗು ಮಾತ್ರ ಕೇಳಿಸಿತು.

"ಈಗ ನಿನ್ನ ಎದಿ ಎಷ್ಟು ಬಡೀತದ ನೋಡು," ಎಂದರು ಅತ್ತೆ ಮಗಳಿಗೆ. "ನಾಳಿಂದ ನೀನೂ ಒಬ್ಬಾಕಿ ಪ್ಯಾಟಿಗೆ ಹೋಗಬ್ಯಾಡ."

"ಆಯ್ತವಾ, ಸೋಮವಾರ ಹೋಗು. ಕುಬಸ ತೊಟ್ಕೊಂಡೇ ಹೋಗು. ಖರೇ, ಅಲ್ಲಿ ಹೋಗಿ ಹಿಂಗ ನಗಬ್ಯಾಡ."

"ನಗಬ್ಯಾಡಂದ್ರ ಔರಾದಕ್ಕ ಯಾಕ ಹೋಗ್ಲಿ?"



ಬುಟ್ಟಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಕರಿಗಡಬು, ಶೇಂಗಾ ಹೋಳಿಗೆ. ಬಸುರಿಯ ಪಾಲೆಂದು ಸಣ್ಣತ್ತೆ ನನ್ನ ತಾಟಿಗೆ ಹೋಳಿಗೆ ಹೆಚ್ಚು ಹಾಕಿದರು. ಬೇಡವೆನ್ನುವಷ್ಟು ಪ್ರಾಮಾಣಿಕತೆ ನನಗೆ ಬರಲಿಲ್ಲ. ಉಂಡು ಮೂವರೂ ಸಾಲಾಗಿ ಅಡ್ಡಾದೆವು. ಮೊದಲು ನಿದ್ದೆ ಹೋದವರು ಅತ್ತೆ. ಅದನ್ನು ಭಾಲ್ಕಿಯಿಂದ ಫೋನು ಮಾಡಿ ನಾದಿನಿ ತಿಳಿಸಿದಳು.