ಲಕ್ಕವ್ವನ ಮಸಿಬಟ್ಟೆ

ಜೀತಪದ್ಧತಿಯ ಮೇಲೆ ಜಯನಗರ ಯುದ್ಧ ಸಾರಿದ್ದು ಮಸಿಬಟ್ಟೆ ಹಿಡಿದು. ಒಲೆಯಿಂದ ಬಿಸಿ ಪಾತ್ರೆ ಇಳಿಸುತ್ತೇವಲ್ಲ, ಅದೇ ಅಂಗೈಯಗಲದ ಬಟ್ಟೆ. ಮಹಾಸೇನಾನಿ, ನಿವೃತ್ತ ಬ್ಯಾಂಕ್ ಅಧಿಕಾರಿ ಉಮಾಮಹೇಶ್ವರಿ. ಶಸ್ತ್ರಾಗಾರ, ಬಿಟಿಎಂ ಲೇಔಟಿನ ಒಂದು ಕೋಣೆ. ಅಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದವಳು ಲಕ್ಕವ್ವ.

ರಾಯಚೂರು ಕಡೆಯ ಲಕ್ಕವ್ವ ಅರ್ಧ ಆಯುಷ್ಯ ಇಟ್ಟಿಗೆ ಭಟ್ಟಿಯಲ್ಲಿ ಜೀತವಿದ್ದವಳು. ಒಂದು ಸಂಘದವರು ಬಿಡಿಸಿದ್ದರು. ಅವಳ ತಮ್ಮ ಮೌನೇಶನನ್ನೂ ಬಿಡಿಸಿದ್ದರು; ತಲೆಯ ಮೇಲೆ ಸೂರಿಲ್ಲದೆ ಅವನು ತಾನೇ ನಡೆದು ಭಟ್ಟಿಗೆ ಮರಳಿದ್ದ. ಈಗ ಸಂಘದವರು ಅವನನ್ನು ಬಿಡಿಸಿ ತರಲು ಮತ್ತೆ ಹೊರಟಿದ್ದರು. ಅವನು ಬರುವಷ್ಟರಲ್ಲಿ ಬಾಡಿಗೆ ಕೋಣೆ ಸಿದ್ಧವಿರಬೇಕು. ಮಸಿಬಟ್ಟೆ ಮಾರಿದರೆ ಕೋಣೆ, ಇಲ್ಲದಿದ್ದರೆ ಪುನಃ ಭಟ್ಟಿ.

ಕಚ್ಚಾ ಸಾಮಗ್ರಿಗೆ ಬರವಿರಲಿಲ್ಲ. ಅರಿಶಿನ ಕುಂಕುಮದ ಜೊತೆ ಮನೆಯಿಂದ ಮನೆಗೆ ಸುತ್ತಿ, ಯಾರ ಮೈಯನ್ನೂ ಸೋಕದೆ, ಕೊಟ್ಟವರಿಗೇ ತಿರುಗಿ ಬರುವ ಬ್ಲೌಸ್ ಪೀಸುಗಳು ಹನುಮಂತನಗರದ ಬೀರುಗಳಲ್ಲಿ ರಾಶಿ ಬಿದ್ದಿದ್ದವು.

ಪಾರ್ಕಿನ ಗೇಟಿನಲ್ಲಿ ಮೇಜು ಹಾಕಿದರು. ಮೊದಲ ದಿನ ವಿಜಯವೋ ವಿಜಯ. ಮರುದಿನ ಶ್ರೀನಗರದ ಆಂಟಿಯೊಬ್ಬರು ಮುಲಾಮು ಸವರಿದ ಬೆರಳೆತ್ತಿಕೊಂಡು ಬಂದರು.

"ಏನ್ರೀ ಇದು, ಹಪ್ಪಳದ ಥರ ಇದೆ. ಸಾರಿನ ಪಾತ್ರೆ ಇಳಿಸಕ್ಕೆ ಹೋಗಿ ಬೆರಳೇ ಬೆಂದುಹೋಯ್ತು."

"ಲಕ್ಕವ್ವ, ಹೊಲಿದ ಮೇಲೆ ಬಿಸಿ ಪಾತ್ರೆ ಹಿಡಿದು ನೋಡ್ಲಿಲ್ವಾ?" ಉಮಾಮಹೇಶ್ವರಿ ಕೇಳಿದರು.

"ನೋಡೀನ್ರಿ ಮೇಡಂ. ಸುಡಲಿಲ್ಲ."

ಪಕ್ಕದ ಗಾಡಿಯಲ್ಲಿ ಕುದಿಯುತ್ತಿದ್ದ ಟೀ ಪಾತ್ರೆಯನ್ನು ಲಕ್ಕವ್ವ ಬರಿಗೈಯಲ್ಲಿ ಎತ್ತಿದಳು. ಹಿಡಿದುಕೊಂಡೇ ನಿಂತು, ನಿಧಾನವಾಗಿ ಇಳಿಸಿದಳು.

"ಬಿಸಿ ಇಟ್ಟಂಗಿ ಹೊತ್ತ ಕೈರಿ. ನನಗ ತಿಳಿಯೂದಿಲ್ಲ," ಎಂದಳು, ಬಸ್ಸಿನ ನಂಬರು ಹೇಳುವ ಹಾಗೆ. "ಇನ್ನೊಂದು ಪದರ ಹಚ್ಚಿ ಕೊಡತೀನಿ."

ಆಂಟಿ ಎತ್ತಿದ್ದ ಬೆರಳು ಇಳಿಸಿದರು. ಆಮೇಲೆ, "ಪಾಪ. ಅದಿರ್ಲಿ, ನನ್ನ ದುಡ್ಡು?"

ಸೇನಾನಿಯ ಬತ್ತಳಿಕೆಯಲ್ಲಿ ಬ್ರಹ್ಮಾಸ್ತ್ರವಿತ್ತು. "ವರಮಹಾಲಕ್ಷ್ಮಿಗೆ ಇದನ್ನೇ ತಾಂಬೂಲದ ಜೊತೆ ಕೊಟ್ಬಿಡಿ. ತಾಂಬೂಲದ ಬಟ್ಟೇನ ಯಾರಾದ್ರೂ ಬಳಸ್ತಾರಾ?"

ಆಂಟಿ ಯೋಚಿಸಿದರು. "ಹೌದಲ್ವಾ. ಹಾಗಾದ್ರೆ ಇನ್ನೊಂದು ಕಟ್ಟು ಕೊಡಿ."

ಹಬ್ಬದ ಹೊತ್ತಿಗೆ ಮೇಜು ಖಾಲಿ. ಒಂದೇ ಒಂದು ಪಾತ್ರೆಯನ್ನೂ ಮುಟ್ಟದೆ ಮಸಿಬಟ್ಟೆಗಳು ದಕ್ಷಿಣ ಬೆಂಗಳೂರಿನ ದಿಗ್ವಿಜಯಕ್ಕೆ ಹೊರಟವು. ಬಿಳೇಕಹಳ್ಳಿಯಲ್ಲಿ ಕೋಣೆ ಸಿಕ್ಕಿತು.

ಮೌನೇಶ ಬಂದ ದಿನ ಉಮಾಮಹೇಶ್ವರಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕರ್ಚೀಫು ಹಿಡಿದು ಅಕ್ಕತಮ್ಮಂದಿರ ಕಣ್ಣೀರಿಗಾಗಿ ಕಾದು ನಿಂತರು.

"ಉಂಡಿ?"

"ಬಸ್ಸಿನಾಗ ಉಂಡ್ನಿ."

"ಇದು ನಿನ್ನ ಖೋಲಿ."

"ಹೂಂ."

ಅಷ್ಟೇ. ಇಬ್ಬರ ಮುಖದಲ್ಲೂ ಏನೂ ಕದಲಲಿಲ್ಲ. ಮೌನೇಶ ಗೋಡೆ ನೋಡಲಿಲ್ಲ, ಫ್ಯಾನು ನೋಡಲಿಲ್ಲ. ಬಾಗಿಲನ್ನು ಹಿಂದೆ ಮುಂದೆ ನೋಡಿ, ಇಬ್ಬರು ಹೆಂಗಸರನ್ನೂ ಹೊರಗೇ ಬಿಟ್ಟು ಮುಚ್ಚಿಕೊಂಡ. ಚಿಲಕ ಹಾಕಿದ ಸದ್ದಾಯಿತು. ತೆಗೆದ ಸದ್ದಾಯಿತು. ಮತ್ತೆ ಹಾಕಿದ.

"ಒಳಗೇನ್ ಮಾಡ್ತಿದಾನೆ?" ಉಮಾಮಹೇಶ್ವರಿ ಪಿಸುಗುಟ್ಟಿದರು.

"ಭಟ್ಟ್ಯಾಗ ನಮ್ಮನ್ನ ಒಳಗ ಕೂಡಿ ಹೊರಗಿನಿಂದ ಚಿಲಕ ಹಾಕತಿದ್ರರಿ," ಎಂದಳು ಲಕ್ಕವ್ವ. "ಹಾಕ್ಕೊಳ್ಳಲಿ ಬಿಡ್ರಿ."