ರೋಡಿಯೋ ಮೈದಾನದಲ್ಲಿ ರಾಹುಕಾಲ

ನನ್ನ ಗಂಡ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಇಲ್ಲದಿದ್ದರೆ ಮುಂದೆ ಓದಿದವರು ಬೇರೆ ಏನೋ ತಿಳಿದುಕೊಂಡಾರು. ಅನ್ನ ಸೀದರೆ ಮಾತಾಡದೆ ಉಣ್ಣುತ್ತಿದ್ದರು, ನನ್ನ ತವರಿನವರ ಫೋನು ಅರ್ಧರಾತ್ರಿಗೆ ಬಂದರೂ ನಗುನಗುತ್ತಲೇ ಎತ್ತುತ್ತಿದ್ದರು. ಆದರೆ ಕಾರಿನಲ್ಲಿ ನಾನು ಸ್ಟೀರಿಂಗಿನ ಮುಂದೆ ಕೂತು, ಅವರು ಪಕ್ಕದಲ್ಲಿ ಕೂತರೆ ಮುಗಿಯಿತು. ಎಲ್ಲಿದ್ದನೋ ಆ ದೂರ್ವಾಸ ಮುನಿ, ಬಂದು ಮೈಮೇಲೆ ಕೂರುತ್ತಿದ್ದ. "ಬ್ರೇಕು! ಬ್ರೇಕು! ಕನ್ನಡಿ ನೋಡು! ಅಯ್ಯೋ, ಆ ಕನ್ನಡಿ ಅಲ್ಲ!"

ಎಂಬತ್ತರ ದಶಕದ ನಡುವಿನ ಮಾತು. ನಾವು ಸ್ಯಾನ್ ಹೊಸೆಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ ಬಂದಿದ್ದ ನನಗೆ ಫ್ರೀಮಾಂಟಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಕೆಲಸವೇನೋ ಸಿಕ್ಕಿತ್ತು, ಹೋಗುವುದು ಹೇಗೆ? ಮನೆಯಿಂದ ಅಲ್ಲಿಗೆ ನೇರ ಬಸ್ಸಿರಲಿಲ್ಲ. ಇವರ ಆಫೀಸು ಇನ್ನೊಂದು ದಿಕ್ಕಿಗೆ. ತಿಂಗಳ ಕೊನೆಯೊಳಗೆ ಲೈಸೆನ್ಸು ಮಾಡಿಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಲ್ಯಾಬಿನವರು ನಯವಾಗಿಯೇ ಹೇಳಿದ್ದರು. ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲ ಬರುವ ಬುಧವಾರ. ಅದರಲ್ಲೂ ಹೋದರೆ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಕಾಯುವುದು, ಅಷ್ಟರಲ್ಲಿ ಕೆಲಸ ಕೈಬಿಟ್ಟಂತೆಯೇ.

ಎರಡನೆಯ ಸಲ ಫೇಲಾದದ್ದು ಹೇಗೆ ಎಂದು ಹೇಳಿದರೆ ಯಾರಾದರೂ ನಗುತ್ತಾರೆ, ನಾನೂ ಈಗ ನಗುತ್ತೇನೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಹಸಿರು ದೀಪ ಇತ್ತು, ನಾಲ್ಕು ರಸ್ತೆ ಸೇರುವ ಕಡೆ ನೇರವಾಗಿ ಹೋಗಬೇಕಿತ್ತು. ನಡುಮಧ್ಯಕ್ಕೆ ಬಂದಾಗ ಪಕ್ಕದಲ್ಲಿದ್ದ ಪರೀಕ್ಷಕ ಕೆಮ್ಮಿದ. ಪಾಪ, ಏನೋ ಗಂಟಲು ಕೆರೆತ. ಪಕ್ಕದ ಸೀಟಿನಿಂದ ಸದ್ದು ಬಂದರೆ ಬ್ರೇಕು ಒತ್ತಬೇಕು ಎಂದು ನನ್ನ ಕಾಲಿಗೆ ಆಗಲೇ ಅಭ್ಯಾಸವಾಗಿಹೋಗಿತ್ತು. ಒತ್ತಿಬಿಟ್ಟೆ. ಹಿಂದಿನ ಕಾರಿನವನು ಹಾರ್ನು ಬಾರಿಸಿದ, ಪರೀಕ್ಷಕನ ಪೆನ್ನು ಕೆಳಗೆ ಬಿತ್ತು. ಅವತ್ತು ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ.

ಆಗ ನಮ್ಮ ಮಾವ ಊರಿನಿಂದ ಬಂದು ನಮ್ಮ ಜೊತೆಗಿದ್ದರು. ಮಂಡ್ಯ ಕಡೆಯವರು. ವಯಸ್ಸಿನಲ್ಲಿ ಕಬ್ಬಿನ ಗಾಡಿ ಹೊಡೆದವರು, ಎತ್ತು ಪಳಗಿಸುವುದರಲ್ಲಿ ಹೆಸರಾದವರು. ಮಾತು ಕಡಿಮೆ. ನನ್ನ ಡ್ರೈವಿಂಗಿನ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲವಾದ್ದರಿಂದ ಅವರಿಗೆ ಇದು ಸರಿಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಸೊಸೆ ಕಾರು ಓಡಿಸುವುದು ಯಾವ ಮಾವನಿಗೆ ಇಷ್ಟ? ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಪರೀಕ್ಷೆಗೆ ಮುಂಚಿನ ಭಾನುವಾರ ಇವರ ಆಫೀಸಿನವರೊಬ್ಬರು ಲಿವರ್‌ಮೋರಿನ ರೋಡಿಯೋಗೆ ಮೂರು ಟಿಕೆಟು ಕೊಟ್ಟಿದ್ದರು. ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಂಥದು, ದನ ಕುದುರೆಗಳ ಆಟ ಎಂದು ಇವರು ವಿವರಿಸಿದ್ದೇ ತಡ, ಮಾವ ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ನಿಂತರು. ನಾನು ಚಿತ್ರಾನ್ನ, ಮೊಸರನ್ನ, ಕೋಡುಬಳೆ ಕಟ್ಟಿಕೊಂಡೆ. ಬುಧವಾರದ ಚಿಂತೆಯನ್ನೂ ಕಟ್ಟಿಕೊಂಡೇ ಹೊರಟೆ ಅನ್ನಿ.

ಊರಿಗೆ ಊರೇ ಬೇರೆ ವೇಷ ಹಾಕಿತ್ತು. ವಾರವೆಲ್ಲ ಟೈ ಕಟ್ಟಿಕೊಂಡು ಓಡಾಡುವವರೂ ಅವತ್ತು ಅಗಲವಾದ ಹ್ಯಾಟು, ಉದ್ದ ಬೂಟು, ತಟ್ಟೆಯಷ್ಟು ದೊಡ್ಡ ಬೆಲ್ಟಿನ ಬಿಲ್ಲೆ. ಸ್ಯಾನ್ ಹೊಸೆಯ ಹವೆ ನಂಬಿ ಸ್ವೆಟರು ಹಾಕಿಕೊಂಡು ಹೋದ ನಾವು ಬೆವೆತು ಹೋದೆವು. ಮರದ ಮೆಟ್ಟಿಲುಗಳ ಮೇಲೆ ಜಾಗ ಹಿಡಿದು ಕೂತು ನಾನು ಡಬ್ಬಿ ಬಿಚ್ಚಿದೆ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಒಗ್ಗರಣೆಯ ವಾಸನೆಗೆ ತಿರುಗಿ ನೋಡಿದಳು. ಅವಳಿಗೊಂದು ಕೋಡುಬಳೆ ಕೊಟ್ಟೆ. ಕಟಕಟ ಕಡಿದು, ಇನ್ನೊಂದಕ್ಕೆ ಕೈ ನೀಡಿದಳು.

ಕುದುರೆಯ ಮೇಲೆ ಬಾವುಟ ಹಿಡಿದು ಹುಡುಗಿಯೊಬ್ಬಳು ಸುತ್ತು ಹಾಕಿದಾಗ ಎಲ್ಲರ ಜೊತೆ ಮಾವನೂ ಎದ್ದು ನಿಂತರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಹೋರಿಗಳು ಬಂದವು. ಬಾಗಿಲು ತೆರೆದ ಕೂಡಲೇ ಹೋರಿ ಎಗರುತ್ತದೆ, ಮೇಲೆ ಕೂತವನು ಒಂದೇ ಕೈಯಲ್ಲಿ ಹಿಡಿದು ಎಂಟು ಸೆಕೆಂಡು ಬೀಳದೆ ಇರಬೇಕು. ಜನ ಕುಣಿದಾಡುತ್ತಿದ್ದರು. ಮಾವ ಮಾತ್ರ ಮುಖ ಕಿವುಚಿಕೊಂಡು ಕೂತಿದ್ದರು.

"ಹೊಟ್ಟೆಗೆ ಹಗ್ಗ ಬಿಗ್ದವ್ರೆ ಕಣವ್ವ. ಕುಣೀದೆ ಇನ್ನೇನ್ ಮಾಡ್ತದೆ?" ಎಂದರು ನನಗೆ. ಆಮೇಲೆ ಮಗನ ಕಡೆ ತಿರುಗಿ, "ಅಲ್ಲ ಕಣ್ಲಾ, ಎಂಟು ಸೆಕೆಂಡು ಕೂತ್ಕಂಡು ಬಿದ್ದೋದ್ರೆ, ಆಮೇಲೆ ಗಾಡಿ ಹೊಡೆಯದು ಯಾರು?"

"ಅಪ್ಪ, ಇದು ಸ್ಪೋರ್ಟ್ಸು. ಗಾಡಿ ಗೀಡಿ ಏನೂ ಇಲ್ಲ," ಎಂದರು ಇವರು.

"ಸರಿ ಬುಡು."

ಆದರೂ ಮಾವ ಎದ್ದು ಹೋಗೋಣ ಎನ್ನಲಿಲ್ಲ. ಬಿದ್ದವನ ಕಡೆ ಹೋರಿ ನುಗ್ಗದ ಹಾಗೆ ಅದನ್ನು ಬೇರೆ ಕಡೆ ಸೆಳೆಯುವ ಜೋಕರನೊಬ್ಬನಿದ್ದ. ಬಣ್ಣ ಬಳಿದ ಮುಖ, ಜೋಲುವ ಚಡ್ಡಿ. ಅವನಿಗೆ ಮಾತ್ರ ಮಾವ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಕೊನೆಗೆ ಹೆಂಗಸರು ಕುದುರೆಯ ಮೇಲೆ ಪೀಪಾಯಿಗಳನ್ನು ಸುತ್ತಿ ಬರುವ ಆಟವಿತ್ತು. ಒಬ್ಬಳ ಕೂದಲು ನೆರೆತಿತ್ತು. ಸೀಟಿನ ತುದಿಗೆ ಬಂದು ನಾನೂ ಕೂಗಿದೆ. ಕುದುರೆಯನ್ನೇ ಅಷ್ಟು ಸಲೀಸಾಗಿ ತಿರುಗಿಸುತ್ತಾಳೆ, ನನಗೆ ಆಟೋಮ್ಯಾಟಿಕ್ ಗೇರಿನ ಕಾರು ಆಗುವುದಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಆಟ ಮುಗಿದು ಕಾರಿನ ಹತ್ತಿರ ಬರುವಾಗ ನಾಲ್ಕೂವರೆ ದಾಟಿತ್ತು. ಮಾವ ಗಡಿಯಾರ ನೋಡಿ ನಿಂತುಬಿಟ್ಟರು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ.

"ವಾಪಸ್ ಮನೆಗೆ ಹೋಗೋದಕ್ಕೆ ರಾಹುಕಾಲ ಇಲ್ಲಪ್ಪ," ಎಂದರು ಇವರು.

"ಹೊರಡದು ಅಂದ್ರೆ ಹೊರಡದೇ ಕಣ್ಲಾ."

ನನ್ನವರು ಎಂಜಿನಿಯರು. ಸೋಲೊಪ್ಪುವರೇ? ರಾಹುಕಾಲದ ಲೆಕ್ಕ ಸೂರ್ಯ ಹುಟ್ಟಿ ಮುಳುಗುವುದರ ಮೇಲೆ ಹೋಗುತ್ತದೆ, ಹಗಲನ್ನು ಎಂಟು ಭಾಗ ಮಾಡಬೇಕು, ಭಾನುವಾರಕ್ಕೆ ಕೊನೆಯ ಭಾಗ, ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿರುತ್ತಾರೆ, ಸೂರ್ಯ ಮುಳುಗುವುದು ಎಂಟೂವರೆಗೆ ಎಂದೆಲ್ಲ ಬೆರಳು ಮಡಚಿ ಎಣಿಸಿ, "ಅಂದ್ರೆ ನಿಜವಾದ ರಾಹುಕಾಲ ಇನ್ನೂ ಶುರುವೇ ಆಗಿಲ್ಲ. ಆರೂ ಮುಕ್ಕಾಲಿಗೆ ಶುರು," ಎಂದು ಗೆದ್ದ ಮುಖ ಮಾಡಿದರು.

"ಹಂಗಾರೆ ಎಂಟೂವರೆ ಗಂಟ ಕಾಯ್ಬೇಕಾ? ದಾರೀಲಿ ಹೋಗ್ತಾ ಹೋಗ್ತಾ ಶುರು ಆಗೋದ್ರೆ?" ಎಂದು ಮಾವ ಕೇಳಿದರು.

ಊರಿನಿಂದ ತಂದ ಕ್ಯಾಲೆಂಡರಿನಲ್ಲಿ ಇರುವುದೇ ಸರಿ ಎಂದು ಇತ್ಯರ್ಥವಾಗಿ, ಆರು ಗಂಟೆಯವರೆಗೆ ಅಲ್ಲೇ ಕಾಯುವುದೆಂದಾಯಿತು. ಮಾವ ಜಮಖಾನ ಹಾಸಿ ಮರದ ನೆರಳಿಗೆ ಕೂತರು.

ಒಂದೊಂದೇ ಕಾರು, ಕುದುರೆ ತುಂಬಿದ ಗಾಡಿಗಳು ಹೊರಟುಹೋದವು. ನೋಡುನೋಡುತ್ತಿದ್ದಂತೆ ಕಾರು ನಿಲ್ಲಿಸುವ ಆ ದೊಡ್ಡ ಮಣ್ಣಿನ ಮೈದಾನ ಖಾಲಿಯಾಯಿತು. ಇಷ್ಟು ಜಾಗ ಸಿಕ್ಕಿದಾಗ ಸುಮ್ಮನಿರುವುದೇಕೆ, ಪ್ರಾಕ್ಟೀಸು ಮಾಡು ಎಂದು ಇವರು ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿದರು. ಒಂದು ಸುತ್ತು ಮುಗಿಯುವುದರೊಳಗೆ ದೂರ್ವಾಸರು ಬಂದರು. "ಇಷ್ಟು ಬೇಗ ತಿರುಗಿಸ್ತಾರಾ? ಬ್ರೇಕು! ಏ, ಬ್ರೇಕು ಅಂದ್ರೆ ಹಂಗೆ ತುಳಿಯೋದಲ್ಲ!" ಕಾರು ಕುಪ್ಪಳಿಸಿ ನಿಂತಿತು. ಬುಧವಾರ ಏನಾಗುತ್ತದೆ ಎಂದು ನನಗೆ ಆಗಲೇ ಗೊತ್ತಾಗಿಹೋಯಿತು. ಸ್ಟೀರಿಂಗಿಗೆ ಹಣೆ ಹಚ್ಚಿ ಕೂತೆ.

ಇವರ ಕಡೆಯ ಬಾಗಿಲು ತೆರೆದುಕೊಂಡಿತು. ಮಾವ.

"ಇಳಿ."

"ಏನಪ್ಪ?"

"ಇಳೀಲಾ ಅಂದೆ."

ಇವರು ಇಳಿದರು. ಮಾವ ಪಂಚೆ ಎತ್ತಿಕೊಂಡು ಪಕ್ಕದಲ್ಲಿ ಕೂತು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡರು. "ನಡೀ ಅವ್ವ."

"ಮಾವ, ರಾಹುಕಾಲದಲ್ಲಿ ಹೊಸ ಕೆಲಸ ಶುರು ಮಾಡಬಾರದಲ್ವಾ?" ಎಂದೆ. ತಪ್ಪಿಸಿಕೊಳ್ಳುವ ಆಸೆ ನನಗೆ.

"ಹೊಸ್ದೆಂಗಾತದೆ? ಮೂರ್ ತಿಂಗ್ಳಿಂದ ಕಲೀತಾನೇ ಇದೀಯಲ್ಲ."

ಹೊರಟೆ. ಪಕ್ಕದಿಂದ ಸದ್ದಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತ ಬೇಲಿಯವರೆಗೂ ಹೋದೆ. ಬರಲಿಲ್ಲ. ನಾನೇ ತಿರುಗಿಸಿದೆ. ಇನ್ನೊಂದು ಸುತ್ತು. ತಪ್ಪಾಯಿತೋ ಸರಿಯಾಯಿತೋ ತಿಳಿಯಲು ಗಳಿಗೆಗೊಮ್ಮೆ ಮಾವನ ಮುಖ ನೋಡುತ್ತಿದ್ದೆ. ಅವರು ಎದುರಿಗೇ ನೋಡುತ್ತ ಕೂತಿದ್ದರು. ಕೊನೆಗೆ ಕಣ್ಣು ತಿರುಗಿಸದೆಯೇ ಹೇಳಿದರು:

"ನನ್ನ ಮೊಕ ಯಾಕವ್ವ ನೋಡ್ತೀಯ? ನಾನೇನ್ ರೋಡಾ?"

ನಗು ಬಂದುಬಿಟ್ಟಿತು. ನಕ್ಕ ಮೇಲೆ ಹೆಗಲು ಸಡಿಲವಾಯಿತು. ಆಮೇಲೆ ಎಷ್ಟು ಸುತ್ತು ಹಾಕಿದೆನೋ! ಹಿಂದಕ್ಕೆ ಓಡಿಸಿದೆ, ಬೇಲಿಯ ಪಕ್ಕಕ್ಕೆ ಒತ್ತಿ ನಿಲ್ಲಿಸಿದೆ. ಪೀಪಾಯಿಯೊಂದು ಮೂಲೆಯಲ್ಲಿತ್ತು, ಅದನ್ನೂ ಸುತ್ತಿ ಬಂದೆ. ಧೂಳಿನ ನಡುವೆ ನನ್ನವರು ದೂರದಲ್ಲಿ ಕೈಕಟ್ಟಿಕೊಂಡು ನಿಂತಿದ್ದು ಕಾಣುತ್ತಿತ್ತು.

ಒಮ್ಮೆ ನಿಲ್ಲಿಸಿದಾಗ, "ನೀವು ಏನೂ ಹೇಳಲಿಲ್ಲವಲ್ಲ ಮಾವ," ಎಂದೆ.

"ಹೊಸ ಎತ್ತ ಗಾಡಿಗೆ ಕಟ್ದಾಗ ಬಾಯಿ ಮಾಡಬಾರ್ದು. ಬಾಯಿ ಮಾಡಿದ್ರೆ ಅದು ದಾರಿ ನೋಡಾಕಿಲ್ಲ, ನಮ್ಮ ಬಾಯಿನೇ ಕಾಯ್ಕಂಡಿರ್ತದೆ. ಪಕ್ಕದಲ್ಲಿ ಒಂದು ಹಳೆ ಎತ್ತು ಕಟ್ಟಿ ಸುಮ್ಕೆ ಇದ್ಬುಟ್ರೆ ಆತು." ಆಮೇಲೆ ಸೇರಿಸಿದರು, "ನಾನ್ ಹಳೆ ಎತ್ತು ಅಲ್ವಾ?"

ಸೊಸೆಯನ್ನು ಎತ್ತಿಗೆ ಹೋಲಿಸಿದರೆ ಕೋಪ ಬರಬೇಕು. ನನಗೆ ಬರಲಿಲ್ಲ, ಕಣ್ಣು ತುಂಬಿತು. ಇಷ್ಟು ದಿನ ಅವರ ಮೌನವನ್ನು ನಾನು ಏನೆಂದು ತಿಳಿದಿದ್ದೆ!

ಆರು ಹೊಡೆಯಿತು. ಜಮಖಾನ ಮಡಚಿದ ಮಾವ ಹಿಂದಿನ ಸೀಟಿಗೆ ಹೋಗಿ ಕೂತು, "ಅವ್ಳೇ ಓಡಿಸ್ಲಿ," ಎಂದರು. ನನ್ನದು ಇನ್ನೂ ಕಲಿಯುವವರ ಪರ್ಮಿಟು, ರಸ್ತೆಯಲ್ಲಿ ಲೈಸೆನ್ಸು ಇರುವವರು ಪಕ್ಕದಲ್ಲಿ ಬೇಕು, ಹಾಗಾಗಿ ಇವರು ಮುಂದೆಯೇ ಕೂರಬೇಕಾಯಿತು. ಅದಕ್ಕೂ ಮಾವನ ಹತ್ತಿರ ಉಪಾಯವಿತ್ತು. ಕೋಡುಬಳೆಯ ಡಬ್ಬಿಯನ್ನು ಮಗನ ತೊಡೆಯ ಮೇಲಿಟ್ಟರು. "ಮಾತು ಬಂದ್ರೆ ಒಂದು ಬಾಯಿಗ್ ಹಾಕೋ."

ಫ್ರೀವೇಗೆ ಏರುವ ದಾರಿ ಬಂತು. ಎಡಗಡೆ ದೊಡ್ಡ ಟ್ರಕ್ಕೊಂದು ಗುಡುಗುತ್ತ ಬರುತ್ತಿತ್ತು. ಪಕ್ಕದಲ್ಲಿ ಕಟಕ್ಕೆಂದು ಕೋಡುಬಳೆ ಮುರಿದ ಸದ್ದು. ಕಾಲು ಬ್ರೇಕಿನ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಟ್ರಕ್ಕು ಎಷ್ಟು ದೂರದಲ್ಲಿದೆ ಎಂದು ನಾನೇ ಕನ್ನಡಿಯಲ್ಲಿ ನೋಡಿದೆ. ಜಾಗವಿತ್ತು. ಆಕ್ಸಿಲರೇಟರು ಒತ್ತಿ ಸೇರಿಕೊಂಡೆ. ಆಮೇಲೆ ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳ ನಡುವೆ ಸ್ಯಾನ್ ಹೊಸೆಯವರೆಗೂ ಓಡಿಸಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನವರಿಗೆ ಇನ್ನೂ ಹೇಳಿಲ್ಲ, ಇದನ್ನು ಓದಿದರೆ ಓದಲಿ.

ಬುಧವಾರ ಪಾಸಾದೆ. ಅವತ್ತಿನ ಪರೀಕ್ಷಕನಿಗೆ ಕೆಮ್ಮಿತ್ತೋ ಇಲ್ಲವೋ ನನಗೆ ನೆನಪೇ ಇಲ್ಲ. ನೆನಪಿರುವುದು ಆ ಭಾನುವಾರ ಸಂಜೆ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದ್ದು. ಎಂಜಿನು ಆರಿಸಿ, ಏನಾದರೂ ಹೇಳುತ್ತಾರೇನೋ ಎಂದು ಹಿಂದೆ ತಿರುಗಿದೆ. ಮಾವ ಸೀಟಿಗೆ ಒರಗಿ, ಬಾಯಿ ತೆರೆದು ನಿದ್ದೆಹೋಗಿದ್ದರು.

ಇವರೂ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು.

"ನಾನು ಓಡಿಸುವಾಗ ಅಪ್ಪ ಒಂದಿನಾನೂ ಕಣ್ಣು ಮುಚ್ಚಿಲ್ಲ ಕಣೆ," ಎಂದು ಪಿಸುಗುಟ್ಟಿದರು.

ಎಬ್ಬಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಅವರಿಗೆ ಎಚ್ಚರವಾಗುವವರೆಗೂ ಕಾರಿನಲ್ಲೇ ಕೂತಿದ್ದೆವು.